ಇನ್ನೊಂದು ಸುತ್ತು

ಫೆಬ್ರವರಿ 4

ಗ್ರೀಸಪ್ಪಾ,

…ಬೇಗ ಬಂದರೂ ಕಷ್ಟ, ತಡವಾಗಿ ಬಂದರೂ ಕಷ್ಟ ಎಂದು ಯಾರೋ ಹೇಳಿದ್ದರು. ನೀನೋ ಮಾವನವರೋ ನೆನಪಿಲ್ಲ. ಕಿಡಿಯ ವಿಷಯ ಇರಬೇಕು, ಮನೆಗೆ ಬರುವ ನೆಂಟರ ವಿಷಯವೂ ಇರಬಹುದು. ಅಪ್ಪ ಮಗ ಇಬ್ಬರೂ ಎರಡನ್ನೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದಿರಿ. ಈಗ ಆ ಮಾತಿನ ಉಳಿದರ್ಧ ನನಗೆ ಬೇಕಾಗಿದೆ.

ಮಾವನವರ ಕಾರು ನಿಂತಿದೆ. ಸರಿಯಾಗಿ ಹೇಳಬೇಕೆಂದರೆ, ನಾನು ನಿಲ್ಲಿಸಿದ್ದೇನೆ. ಹೋದ ತಿಂಗಳು ನೀರಿನ ಟ್ಯಾಂಕಿನ ಏರು ಹತ್ತುವಾಗ, ಎಂಜಿನ್ನಿನೊಳಗೆ ಯಾರೋ ಗೋಲಿಗಳನ್ನು ಡಬ್ಬಿಗೆ ಹಾಕಿ ಕುಲುಕಿದ ಹಾಗೆ ಸದ್ದು ಬಂತು. ನಿನ್ನ ಅಕ್ಕ ಪಕ್ಕದಲ್ಲಿದ್ದಳು.

"ಸದ್ದು ಕೇಳಿಸ್ತಾ?" ಎಂದಳು.

"ಯಾವ ಸದ್ದು?" ಎಂದೆ.

ಕೇಳಿಸಿತ್ತು. ಊರವರ ಕಿವಿಗೆಲ್ಲ ಶ್ರವಣಯಂತ್ರ ಕೂರಿಸುವವಳು ಅವಳು. ಹೊಸ ಗಿರಾಕಿಯನ್ನು ನೋಡುವ ಹಾಗೆ ನನ್ನನ್ನು ಸ್ವಲ್ಪ ಹೊತ್ತು ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಅವಳಿಗೆ ಹೊಸ ಕೆಲಸ ಸಿಕ್ಕಿದೆ. ಬೆಟ್ಟದ ಆಚೆಯ ಊರುಗಳಲ್ಲಿ ಮನೆಮನೆಗೆ ಹೋಗಿ ಮುದುಕರ ಕಿವಿ ಪರೀಕ್ಷೆ ಮಾಡಿ ಯಂತ್ರ ಕೊಡುವುದು. ಪೆಟ್ಟಿಗೆಗಳು ಭಾರ, ಬಸ್ಸಿನಲ್ಲಿ ಸಾಗಿಸಲಾಗದು, ಕಾರೇ ಬೇಕು. ಅಲ್ಲೇ ಎಲ್ಲೋ ಕೋಣೆ ಹಿಡಿಯುತ್ತಾಳಂತೆ. "ಗಾಡಿ ಸರಿಹೋದ ದಿನ ಹೊರಡ್ತೀನಿ," ಎಂದಳು. ವಾಪಸು ಯಾವಾಗ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗ್ಯಾರೇಜಿನವನು ಬಂದು ಬಾನೆಟ್ ಎತ್ತಿ, "ಇಂಥ ಮುದಿ ಗಾಡಿಗೆ ನಾವು ಕೈ ಹಚ್ಚಲ್ಲ ಸಾರ್, ಮ್ಯೂಸಿಯಮ್ಮಿಗೆ ಫೋನ್ ಮಾಡಿ," ಎಂದು ಮುಚ್ಚಿ ಹೋದ. ಆಗ ನಾನು ಮಾಡುತ್ತೇನೆ ಎಂದೆ. ಯಾಕೆ ಹಾಗೆಂದೆನೋ ಈಗಲೂ ತಿಳಿಯದು.

ಡಿಸ್ಟ್ರಿಬ್ಯೂಟರನ್ನು ಎತ್ತಿ ತೆಗೆದು, ಒರೆಸಿ, ಹಳೆಯ ಪತ್ರಿಕೆಯ ಮೇಲಿಟ್ಟು, ಮತ್ತೆ ಕೂರಿಸಿದೆ. ಅಂದಿನಿಂದ ಗೋಲಿಯ ಸದ್ದೂ ಇಲ್ಲ, ಎಂಜಿನ್ನಿನ ಸದ್ದೂ ಇಲ್ಲ. ಸೆಲ್ಫ್ ಹೊಡೆದರೆ ಕೆಮ್ಮುತ್ತದೆ. ನಿನ್ನ ದ್ವೀಪಕ್ಕೆ ಟಪಾಲು ದೋಣಿ ಯಾವಾಗ ಹೋಗುತ್ತದೋ ಕಾಣೆ. ಈ ಕಾಗದ ಸಿಕ್ಕಿದ ಕೂಡಲೇ ಬರೆ.

ನಿನ್ನ ಭಾವ


ಫೆಬ್ರವರಿ 22

ಭಾವ,

ಗುರುತು ಹಾಕಿಕೊಳ್ಳದೆ ಡಿಸ್ಟ್ರಿಬ್ಯೂಟರ್ ಎತ್ತಿದಿರಾ? ಅಯ್ಯೋ ನಮ್ಮಪ್ಪಾ! ಅವರು ಇದ್ದಿದ್ದರೆ ಅಳಿಯಂದಿರು ಎಂದು ನಿಮಗೇನೂ ಅನ್ನುತ್ತಿರಲಿಲ್ಲ. ಸೀದಾ ಒಳಗೆ ಬಂದು ನನ್ನ ತಲೆಗೆ ಮೊಟಕುತ್ತಿದ್ದರು.

ವಿಷಯ ಇಷ್ಟೇ. ಸಿಲಿಂಡರಿನಲ್ಲಿ ಗಾಳಿ, ಪೆಟ್ರೋಲು ಒತ್ತಿ ಹಿಂಡಿಕೊಂಡ ಗಳಿಗೆಗೆ ಸರಿಯಾಗಿ ಕಿಡಿ ಬೀಳಬೇಕು. ನಾಲ್ಕು ಸಿಲಿಂಡರಿಗೂ ಸರದಿಯ ಮೇಲೆ ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರಿನ ಕೆಲಸ. ಅದರೊಳಗೆ ತಿರುಗುವ ಕೈಯೇ ರೋಟರ್. ನೀವು ಎತ್ತಿದಾಗ ಆ ಕೈ ಎತ್ತ ನೋಡುತ್ತಿತ್ತೋ ಅತ್ತಲೇ ನೋಡುವ ಹಾಗೆ ಇಡಬೇಕಿತ್ತು. ಹೋಗಲಿ.

ಎಂಜಿನ್ನಿನ ಮುಂದೆ, ಕೆಳಗಡೆ, ದೊಡ್ಡ ಪುಲ್ಲಿ ಇದೆಯಲ್ಲ, ಅದರ ಅಂಚಿನಲ್ಲಿ ಒಂದು ಗೀರಿದೆ. ಅಪ್ಪ ಅದಕ್ಕೆ ಬಿಳಿ ಬಣ್ಣ ತುಂಬಿದ್ದರು. ಅದರ ಎದುರಿಗೆ ಎಂಜಿನ್ನಿನ ಮೈಮೇಲೆ ಒಂದು ಮುಳ್ಳು. ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿ, ಗೀರನ್ನು ಮುಳ್ಳಿಗೆ ಕೂಡಿಸಿ. ರೋಟರನ್ನು ಒಂದನೇ ಪ್ಲಗ್ಗಿನ ವೈರಿನ ಕಡೆ ನೋಡುವಂತೆ ಕೂರಿಸಿ. ಡಿಸ್ಟ್ರಿಬ್ಯೂಟರಿನ ಸಣ್ಣ ವೈರಿಗೂ ಗಾಡಿಯ ಮೈಗೂ ನಡುವೆ ಒಂದು ಪುಟ್ಟ ಬಲ್ಬು ಕಟ್ಟಿ, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ. ಬಲ್ಬು ಹತ್ತಿದ ಜಾಗವೇ ಕಿಡಿಯ ಜಾಗ. ಅಲ್ಲೇ ಬಿಗಿ ಮಾಡಿ.

ಇಲ್ಲಿ ನನ್ನ ಮೂರು ಡೀಸೆಲ್ ಎಂಜಿನ್ನುಗಳು ಹಗಲಿರುಳು ಗೊರಕೆ ಹೊಡೆಯುತ್ತವೆ. ಇಡೀ ದ್ವೀಪದ ದೀಪ ಅವುಗಳಿಂದಲೇ. ಒಂದು ನಿಂತರೆ ಸದ್ದಿಲ್ಲದ್ದಕ್ಕೇ ನನಗೆ ಎಚ್ಚರವಾಗುತ್ತದೆ.

ಅಕ್ಕ ಹೇಗಿದ್ದಾಳೆ? ಆ ಮಹಡಿ ಕೋಣೆಯಲ್ಲಿ ಫ್ಯಾನಿಲ್ಲ, ಸೆಖೆಗೆ ಹೇಗೆ ಮಲಗುತ್ತಾಳೋ. ನೀವು ಅವಸರ ಮಾಡಬೇಡಿ ಭಾವ. ಹಳೆಯ ಎಂಜಿನ್ನು, ನಿಧಾನ ಮಾಡಿದಷ್ಟೂ ಒಳ್ಳೆಯದು.

ಗ್ರೀಸಪ್ಪ


ಮಾರ್ಚ್ 9

ಗ್ರೀಸಪ್ಪಾ,

ನೀನು ಹೇಳಿದ್ದನ್ನು ಅಕ್ಷರ ಬಿಡದೆ ಮಾಡಿದೆ. ಗೀರು ಮುಳ್ಳಿಗೆ ಕೂಡಿತು. ರೋಟರ್ ಒಂದನೇ ವೈರಿನ ಕಡೆ ನೋಡಿತು. ಬಲ್ಬು ಹತ್ತಿತು. ಹತ್ತಿದಾಗ, ಮೂವತ್ತು ಹುಡುಗರ ಎದುರು ಪ್ರಮೇಯವೊಂದನ್ನು ಸಾಧಿಸಿ ಸೀಮೆಸುಣ್ಣ ಕೆಳಗಿಟ್ಟಷ್ಟು ಸಂತೋಷವಾಯಿತು. ಒಳಗೆ ಕೂತು ಕೀ ತಿರುಗಿಸಿದೆ.

ಢಂ! ಕಾರ್ಬ್ಯುರೇಟರಿನ ಬಾಯಿಂದ ಬೆಂಕಿ ಒಮ್ಮೆ ನಾಲಿಗೆ ಚಾಚಿ ಒಳಗೆಳೆದುಕೊಂಡಿತು. ಅದರ ಮೇಲೆ ನಾನು ಸುಮ್ಮನೆ ಮುಚ್ಚಿಟ್ಟಿದ್ದ ತಗಡಿನ ತಟ್ಟೆ ಹಾರಿ ಎದುರು ಮನೆಯ ದರ್ಜಿಯ ಬಾಗಿಲಲ್ಲಿ ಬಿತ್ತು. ಅವನು ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದ.

"ಮೇಷ್ಟ್ರೇ, ಇದು ನಿಮ್ಮ ಪೈಕಿನಾ?"

"ಹೌದು, ಕೊಡಿ."

"ನಮ್ಮನೆ ಕುಕ್ಕರ್ ಹೋಯ್ತು ಅಂತ ಓಡಿ ಬಂದೆ. ಏನ್ ನಡೀತಿದೆ ಇಲ್ಲಿ?"

"ಟೈಮಿಂಗ್ ಸರಿ ಮಾಡ್ತಿದೀನಿ."

"ಹಂಗಾದ್ರೆ ದಿನಾ ಇದೇ ಹೊತ್ತಿಗೆ ಒಂದು ಹೊಡೀರಿ. ಗೋಡೆ ಗಡಿಯಾರ ನಿಂತು ವರ್ಷ ಆಯ್ತು, ರಿಪೇರಿ ಖರ್ಚು ಉಳೀತು."

ಮಹಡಿಯ ಕಿಟಕಿ ತೆರೆಯಿತು. ನಿನ್ನ ಅಕ್ಕ ಬಗ್ಗಿ ನೋಡಿದಳು.

"ಕೈ ಸುಟ್ಟಿತಾ?"

"ಇಲ್ಲ."

ಕಿಟಕಿ ಮುಚ್ಚಿದಳು. ಪೂರ್ತಿ ಮುಚ್ಚಲಿಲ್ಲ, ಒಂದು ಗೇಣು ಬಿಟ್ಟಳು.

ನನಗೆ ಅರ್ಥವಾಗದ್ದು ಇದು: ಗುರುತುಗಳೆಲ್ಲ ಕೂಡಿವೆ, ಫಲಿತಾಂಶ ಮಾತ್ರ ತಪ್ಪು. ನನ್ನ ಶಾಸ್ತ್ರದಲ್ಲಿ ಹಾಗಾಗುವುದಿಲ್ಲ. ವೃತ್ತದ ಮೇಲೆ ಒಂದು ಬಿಂದು ಒಂದೇ. ಎಷ್ಟು ಸುತ್ತು ತಿರುಗಿ ಬಂದರೂ ಅಲ್ಲಿಗೇ ಬಂದು ಸೇರುತ್ತದೆ. ಹೀಗಿರುವಾಗ ತಪ್ಪು ಎಲ್ಲಿ ನುಸುಳಿತು?

ಅದಕ್ಕಿಂತಲೂ ಗೊಂದಲದ ಮಾತೊಂದಿದೆ. ತಟ್ಟೆ ಹಾರಿದಾಗ ನನ್ನ ಎದೆಯಲ್ಲಿ ಏನೋ ಹಗುರವಾಯಿತು. ಆಗಲಿಲ್ಲ, ಸದ್ಯ, ಇವತ್ತು ಆಗಲಿಲ್ಲ ಎನ್ನುವ ಹಾಗೆ. ನಾನು ಗಾಡಿ ಸರಿಮಾಡಲು ಕೂತಿದ್ದೇನೋ, ಸರಿಯಾಗದಂತೆ ನೋಡಿಕೊಳ್ಳಲು ಕೂತಿದ್ದೇನೋ? ಸ್ಪ್ಯಾನರ್ ಹಿಡಿದ ಕೈಯನ್ನು ನೋಡಿಕೊಂಡೆ. ಅದು ಪ್ರಾಮಾಣಿಕವಾಗಿಯೇ ಕೆಲಸ ಮಾಡುತ್ತಿದ್ದ ಹಾಗೆ ಕಂಡಿತು. ಕೈಯನ್ನು ನಂಬಬಹುದೇ?

ಇನ್ನೊಂದು. ಅವಳು ಮಹಡಿ ಕೋಣೆಗೆ ಹಾಸಿಗೆ ಸಾಗಿಸಿದ್ದನ್ನು ನಾನು ನಿನಗೆ ಬರೆದಿರಲಿಲ್ಲ. ನಿನಗೆ ಹೇಗೆ ಗೊತ್ತಾಯಿತು?

ಭಾವ


ಮಾರ್ಚ್ 16

ಗ್ರೀಸಪ್ಪಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಪ್ಲಗ್ಗುಗಳನ್ನು ಬದಲಾಯಿಸಿದೆ. ವೈರುಗಳನ್ನು ಎಣಿಸಿ ಎಣಿಸಿ ನೋಡಿದೆ. ಢಂ ಎನ್ನುವುದು ತಪ್ಪಲಿಲ್ಲ.

ಅವಳು ಜನವರಿಯಲ್ಲೇ ಒಂದು ಸೂಟ್‌ಕೇಸ್ ತುಂಬಿ ಬಾಗಿಲ ಪಕ್ಕದಲ್ಲಿಟ್ಟಿದ್ದಳು. ಗಾಡಿ ಇವತ್ತು ಹೊರಡುತ್ತದೆ, ನಾಳೆ ಹೊರಡುತ್ತದೆ ಎಂದು. ಈಗ ಪಾಪ ಅದರೊಳಗಿನಿಂದಲೇ ಒಂದೊಂದನ್ನೇ ತೆಗೆದು ಬಳಸುತ್ತಿದ್ದಾಳೆ. ಮೊದಲು ಟವೆಲು ಹೊರಬಂತು. ಆಮೇಲೆ ಬಾಚಣಿಗೆ, ನೀಲಿ ಸ್ವೆಟರು. ನಿನ್ನೆ ಚಪ್ಪಲಿ. ಬಾಗಿಲ ಹತ್ತಿರ ಹಾದಾಗಲೆಲ್ಲ ನಾನು ಸೂಟ್‌ಕೇಸನ್ನು ಕಾಲಿನಿಂದ ಸ್ವಲ್ಪ ತಳ್ಳಿ ನೋಡುತ್ತೇನೆ. ಹಗುರಾಗುತ್ತಿದೆ.

ಮೆಟ್ಟಿಲ ಮೇಲೆ ದಿನಾ ಒಂದೇ ಮಾತು. "ಆಗ್ತಾ ಇದ್ಯಾ?" "ಆಗ್ತಾ ಇದೆ." "ಸರಿ ಹಾಗಾದ್ರೆ." ಅವಳು ಮೇಲೆ, ನಾನು ಕೆಳಗೆ. ಕೆಳಗೆ ಢಂ ಎಂದಾಗ ಮೇಲೆ ಕುರ್ಚಿ ಎಳೆದ ಸದ್ದಾಗುತ್ತದೆ. ಅಷ್ಟೇ ನಮ್ಮ ಸಂಭಾಷಣೆ.

ಒಮ್ಮೊಮ್ಮೆ ಅವಳು ಕಾರಿನ ಹತ್ತಿರ ಬಂದು, ನನ್ನ ಬೆನ್ನ ಹಿಂದೆ ನಿಂತು, ಏನನ್ನೋ ಹೇಳಲು ಬಂದವಳು ಹೇಳದೆ ಹೋದ ಹಾಗೆ ಅನಿಸುತ್ತದೆ. ತಿರುಗಿ ನೋಡುವಷ್ಟರಲ್ಲಿ ಇರುವುದಿಲ್ಲ. ನನ್ನ ಭ್ರಮೆಯೂ ಇರಬಹುದು.

ಭಾವ


ಮಾರ್ಚ್ 20

ಭಾವ,

ನಿಮ್ಮ 9ನೇ ತಾರೀಕಿನ ಕಾಗದ ಬಂತು. ತಟ್ಟೆ ಹಾರಿದ್ದನ್ನು ಓದಿ ನಕ್ಕೆ, ಕ್ಷಮಿಸಿ. ಅದನ್ನು ನಟ್ಟು ಹಾಕಿ ಬಿಗಿಯಬೇಕು ಭಾವ, ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ ಇಡುವುದಲ್ಲ.

ಢಂ ಅನ್ನುವುದಕ್ಕೆ ನೂರು ಕಾರಣ. ನನಗೆ ಚೈನಿನ ಮೇಲೆ ಅನುಮಾನ. ಎಂಜಿನ್ನಿನ ಬಾಗಿಲುಗಳನ್ನು, ಅಂದರೆ ವಾಲ್ವುಗಳನ್ನು, ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಚೈನೊಂದು ಮುಂದಿನ ಕವರಿನ ಒಳಗಿದೆ. ಅದು ಸಡಿಲವಾಗಿ ಒಂದು ಹಲ್ಲು ಹಾರಿರಬಹುದು. ರೇಡಿಯೇಟರ್ ಇಳಿಸಿ, ಪುಲ್ಲಿ ಬಿಚ್ಚಿ, ಕವರ್ ತೆಗೆದು ನೋಡಿ. ದೊಡ್ಡ ಕೆಲಸ. ಎರಡು ಮೂರು ವಾರ ಹಿಡಿಯಬಹುದು, ಹಿಡಿಯಲಿ. ಬಿಚ್ಚಿದ ನಟ್ಟುಗಳನ್ನು ಕಳೆದುಕೊಳ್ಳಬೇಡಿ.

ಮಹಡಿ ಕೋಣೆಯ ವಿಷಯ ಅಕ್ಕನೇ ಹಿಂದೊಮ್ಮೆ ಬರೆದಿದ್ದಳು. ಮಾತಿಗೆ ಮಾತು ಬಂದಿರಬೇಕು. ಅದನ್ನೆಲ್ಲ ನೀವು ತಲೆಗೆ ಹಚ್ಚಿಕೊಳ್ಳಬೇಡಿ. ಸಮುದ್ರ ಕೆಟ್ಟಿದೆ, ಇನ್ನು ದೋಣಿಗಳು ತಡ.

ಗ್ರೀಸಪ್ಪ


ಏಪ್ರಿಲ್ 5

ಗ್ರೀಸಪ್ಪಾ,

ಚೈನ್ ಚೆನ್ನಾಗಿದೆ.

ರೇಡಿಯೇಟರ್ ಇಳಿಸುವಾಗ ಅಂಗಳದ ತುಂಬ ಕಂದು ನೀರಾಯಿತು. ಪುಲ್ಲಿ ಬಿಚ್ಚಿ, ಅಂಟಿಕೊಂಡಿದ್ದ ಕವರನ್ನು ಮರದ ತುಂಡಿನಿಂದ ತಟ್ಟಿ ತಟ್ಟಿ ಬಿಡಿಸಿದೆ. ಒಳಗೆ ಎರಡು ಹಲ್ಲಿನ ಚಕ್ರಗಳು. ಪುಲ್ಲಿಯ ದಂಡವನ್ನು ತಿರುಗಿಸುತ್ತ ಹೋದ ಹಾಗೆ ಅವುಗಳ ಮೇಲಿನ ಚುಕ್ಕಿಗಳು ಒಂದನ್ನೊಂದು ನೋಡುತ್ತ ಎದುರುಬದುರು ಬಂದು ನಿಂತವು. ಚೈನ್ ಸ್ವಲ್ಪವೂ ಜೋಲಾಡುತ್ತಿರಲಿಲ್ಲ. ಮಾವನವರು ಎಂದೋ ಬದಲಾಯಿಸಿರಬೇಕು, ಮತ್ತು ಅದು ನಿನಗೆ ಗೊತ್ತಿರಬೇಕು, ನೀನು ಅವರ ಪಕ್ಕದಲ್ಲೇ ಇರುತ್ತಿದ್ದವನು. ಎಲ್ಲವನ್ನೂ ಮತ್ತೆ ಜೋಡಿಸಿ, ನೀನು ಹೇಳಿದ್ದ ಹಾಗೆಯೇ ಗೀರು ಕೂಡಿಸಿ, ಕೀ ತಿರುಗಿಸಿದೆ. ಢಂ. ತಟ್ಟೆ ಹಾರಲಿಲ್ಲ, ಬಿಗಿದಿದ್ದೆ. ಪ್ರಗತಿ ಅಷ್ಟು.

ಹಾಗಾದರೆ ನನ್ನಿಂದ ಅದನ್ನು ಬಿಚ್ಚಿಸಿದ್ದು ಯಾಕೆ? ದಿನವಿಡೀ ಕೆಸರು ನೀರಿನಲ್ಲಿ ಕೂತು ಕೇಳಿಕೊಂಡೆ. ನಿನ್ನ ಎರಡು ಕಾಗದಗಳನ್ನೂ ತೆಗೆದು ಓದಿದೆ. ಎರಡರಲ್ಲೂ ಎಂಜಿನ್ನಿನ ಬಗ್ಗೆ ಇರುವುದಕ್ಕಿಂತ ನಿಧಾನದ ಬಗ್ಗೆಯೇ ಜಾಸ್ತಿ ಇದೆ. ನೀನು ನನಗೆ ಎಲ್ಲವನ್ನೂ ಹೇಳಿದ್ದೀಯಾ? ಹೇಳಿಲ್ಲವೆಂದರೆ ನಿನ್ನನ್ನು ಬೈಯಬೇಕೋ, ಉಪಕಾರ ಸ್ಮರಿಸಬೇಕೋ, ಅದೂ ತಿಳಿಯುತ್ತಿಲ್ಲ.

ಸಂಜೆ ಅವಳು ಮೆಟ್ಟಿಲ ಮೇಲೆ ಸಿಕ್ಕಳು.

"ಆಗ್ತಾ ಇದ್ಯಾ?"

"ಆಗ್ತಾ ಇಲ್ಲ," ಎಂದೆ.

ಯಾವತ್ತೂ ಹಾಗೆ ಹೇಳಿರಲಿಲ್ಲ. ಅವಳು ಮೆಟ್ಟಿಲ ಕಂಬಿಯ ಮೇಲೆ ಕೈಯಿಟ್ಟು ನಿಂತಳು. ಇನ್ನೂ ಒಂದು ಮಾತು ಬರಲಿದೆ ಎನ್ನುವ ಹಾಗೆ ನಿಂತಿದ್ದಳು. ನಾನು ಗ್ರೀಸಾದ ಕೈಯನ್ನು ಬಟ್ಟೆಗೆ ಒರೆಸಿಕೊಂಡೆ. "ನೀರು ಬಿಸಿಗಿಟ್ಟಿದೀನಿ, ಕೈ ತೊಳ್ಕೊಳ್ಳಿ," ಎಂದು ಮೇಲೆ ಹೋದಳು.

ಭಾವ


ಏಪ್ರಿಲ್ 10

ಭಾವ,

ನಿಮ್ಮ ಮಾರ್ಚ್ 16ರ ಕಾಗದ ಇವತ್ತಿನ ದೋಣಿಗೆ ಬಂತು. ಸೂಟ್‌ಕೇಸಿನ ವಿಷಯ ಓದಿದ ಮೇಲೆ ಊಟ ಸೇರಲಿಲ್ಲ. ಕವರ್ ಬಿಚ್ಚಿದ್ದರೆ ಮುಚ್ಚಿಬಿಡಿ. ಚೈನಿನಲ್ಲಿ ಏನೂ ಇಲ್ಲ. ಅಪ್ಪ ಹೊಸದು ಹಾಕಿದಾಗ ನಾನೇ ದೀಪ ಹಿಡಿದಿದ್ದೆ.

ಅಕ್ಕ ಜನವರಿಯಲ್ಲೇ ಬರೆದಿದ್ದಳು. ಹೋಗುತ್ತೇನೆ, ವಾಪಸು ಬರುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ ಎಂದು. "ನಿಮ್ಮ ಭಾವ ಯಾಕೆ ಅಂತಲೂ ಕೇಳಲಿಲ್ಲ, ಸರಿ ಅಂದ್ರು, ಸ್ಪ್ಯಾನರ್ ತಗೊಂಡ್ರು," ಎಂದು ಬರೆದಿದ್ದಳು. ನನಗೆ ದಿಕ್ಕು ತೋಚಲಿಲ್ಲ. ಗಾಡಿ ಸ್ವಲ್ಪ ದಿನ ನಿಂತರೆ ನೀವಿಬ್ಬರೂ ಒಂದೇ ಅಂಗಳದಲ್ಲಿ ಇರುತ್ತೀರಿ, ಏನಾದರೂ ಮಾತು ಹುಟ್ಟೀತು ಎಂದುಕೊಂಡೆ. ಅದಕ್ಕೇ ಒಂದು ಸಾಲು ಬಿಟ್ಟು ಬರೆದೆ. ಎಂಜಿನ್ ಕೆಲಸ ಕಲಿಯುವವರಿಗೆ ಮೊದಲು ಹೇಳುವ ಸಾಲೇ ಅದು.

ಗೀರು ಮುಳ್ಳಿಗೆ ಎರಡು ಸಲ ಕೂಡುತ್ತದೆ ಭಾವ. ಒಂದು ಕಿಡಿಗೆ ಸಿಲಿಂಡರಿನೊಳಗಿನ ಪಿಸ್ಟನ್ ಮೇಲಕ್ಕೆ ಬರುವುದು ಎರಡು ಸಲ. ಒಂದು ಸಲ ಒಳಗಿರುವುದನ್ನೆಲ್ಲ ಒತ್ತಿ ಹಿಂಡಲು, ಇನ್ನೊಂದು ಸಲ ಸುಟ್ಟ ಹೊಗೆಯನ್ನು ಸುಮ್ಮನೆ ಹೊರಗೆ ಬಿಡಲು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಕಿಡಿ ಬೇಕಾಗಿರುವುದು ಮೊದಲನೆಯದಕ್ಕೆ. ನೀವು ಎರಡನೆಯದಕ್ಕೆ ಕೂರಿಸಿದ್ದೀರಿ. ಅದಕ್ಕೇ ಆ ಢಂ. ಯಾವುದು ಯಾವುದು ಎಂದು ಕಣ್ಣಿಗೆ ಕಾಣುವುದಿಲ್ಲ. ನಾಲ್ಕೂ ಪ್ಲಗ್ ಬಿಚ್ಚಿ, ಒಂದನೇ ಪ್ಲಗ್ಗಿನ ತೂತಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದು ಇನ್ನೊಬ್ಬರಿಂದ ಪುಲ್ಲಿ ತಿರುಗಿಸಬೇಕು. ಗಾಳಿ ಬೆರಳನ್ನು ತಳ್ಳುತ್ತ ಬಂದಾಗ ಕೂಡುವ ಗೀರೇ ನಿಜವಾದದ್ದು. ಅಲ್ಲಿ ರೋಟರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಮುಗಿಯಿತು.

ಅಕ್ಕನನ್ನು ಕರೆಯಿರಿ. ಅಪ್ಪ ಯಾವಾಗಲೂ ಅವಳ ಹೆಬ್ಬೆರಳನ್ನೇ ಇಡಿಸುತ್ತಿದ್ದರು. ನನ್ನದನ್ನು ನಂಬುತ್ತಿರಲಿಲ್ಲ. "ನೀನು ಮೂರು ಸಲ ಕೇಳ್ತೀಯ, ಅವಳ ಬೆರಳು ಮೊದಲನೇ ಸಲಕ್ಕೇ ಹೇಳುತ್ತೆ," ಎನ್ನುತ್ತಿದ್ದರು. ಅವಳ ಬೆರಳು ಒಂದು ಸಲವೂ ತಪ್ಪಿದ್ದನ್ನು ನಾನು ಕಂಡಿಲ್ಲ. ಸ್ವಲ್ಪ ದಿನ ನೋಡಿ ಅವಳೇ ನಿಮಗೆ ಹೇಳಿಬಿಡುತ್ತಾಳೆ ಎಂದೇ ಅಂದುಕೊಂಡಿದ್ದೆ. ಹೇಳಿಲ್ಲವೇ?

ಬೈಯಿರಿ, ಬೈಸಿಕೊಳ್ಳುತ್ತೇನೆ.

ಗ್ರೀಸಪ್ಪ


ಏಪ್ರಿಲ್ 27

ಗ್ರೀಸಪ್ಪಾ,

ನಿನ್ನ 10ನೇ ತಾರೀಕಿನ ಕಾಗದ ಇವತ್ತು ಕೈಸೇರಿತು. ಅದು ಬರುವ ಹೊತ್ತಿಗೆ ಕಾರು ಇಲ್ಲ, ಅವಳಿಲ್ಲ. ಅಂಗಳದಲ್ಲಿ ಎಣ್ಣೆಯ ಕಲೆ ಇದೆ. ನಿನ್ನನ್ನು ಬೈಯುವ ಮನಸ್ಸಿಲ್ಲ. ನೀನು ಒಂದು ಸಾಲು ಬಿಟ್ಟೆ, ನಾನೂ ಯಾವುದೋ ಒಂದನ್ನು ಬಿಟ್ಟೆ. ನಿನ್ನದನ್ನು ಹುಡುಕಿ ತುಂಬಬಹುದಿತ್ತು.

ನಾನು ಕಳೆದ ಸಲ ನಿನಗೆ ಬರೆದ ಮರುದಿನ ಬೆಳಿಗ್ಗೆ ನಡೆದದ್ದು ಇದು. ಅವಳು ತೋಳಿನ ಬಟ್ಟೆ ಮೇಲಕ್ಕೆ ಮಡಚಿಕೊಂಡು ಅಂಗಳಕ್ಕೆ ಬಂದಳು. "ಪ್ಲಗ್ ಸ್ಪ್ಯಾನರ್ ಕೊಡಿ," ಎಂದಳು. ನನ್ನ ಪೆಟ್ಟಿಗೆಯಲ್ಲಿ ಅದು ಎಲ್ಲಿದೆ ಎಂದು ನಾನು ಹುಡುಕುವಷ್ಟರಲ್ಲಿ ಅವಳೇ ತೆಗೆದುಕೊಂಡಳು. ನಾಲ್ಕೂ ಪ್ಲಗ್ ಬಿಚ್ಚಿ, ಸಾಲಾಗಿ ಬಟ್ಟೆಯ ಮೇಲಿಟ್ಟು, ಬಾನೆಟ್ಟಿನ ಕೆಳಗೆ ಬಗ್ಗಿ ಒಂದನೇ ತೂತಿನ ಮೇಲೆ ಹೆಬ್ಬೆರಳಿಟ್ಟಳು.

"ಪುಲ್ಲಿ ತಿರುಗಿಸಿ. ನಿಧಾನ."

"ನಿನಗೆ ಇದೆಲ್ಲ ಬರುತ್ತಾ?"

"ತಿರುಗಿಸಿ ಅಂದೆ."

ದರ್ಜಿ ತನ್ನ ಬಾಗಿಲಲ್ಲಿ ಟೇಪು ಹೆಗಲಿಗೆ ಹಾಕಿಕೊಂಡು ನಿಂತಿದ್ದ. "ಅಮ್ಮಾ, ಬೆರಳು ಜೋಪಾನ, ಮೇಷ್ಟ್ರ ಕೈಯಲ್ಲಿದೆ," ಎಂದ. ಅವಳು ನಕ್ಕಳು. ಅವಳು ನಕ್ಕು ಎಷ್ಟು ಕಾಲವಾಗಿತ್ತೋ, ನಾನು ಸ್ಪ್ಯಾನರ್ ಹಿಡಿದುಕೊಂಡೇ ನೋಡುತ್ತಿದ್ದೆ.

ತಿರುಗಿಸಿದೆ. ಉಳಿದ ತೂತುಗಳು ಒಂದೊಂದಾಗಿ ನಿಟ್ಟುಸಿರು ಬಿಟ್ಟವು. ಆಮೇಲೆ ಅವಳ ಬೆರಳ ಕೆಳಗೆ ಪುಸ್ ಎಂದಿತು. ಬೆರಳು ತುಸು ಎದ್ದು ಕೂತದ್ದು ನನಗೆ ಕಾಣಿಸಿತು. ನಿಲ್ಲಿಸಿ, ತಲೆಯೆತ್ತಿ ಅವಳನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಇಬ್ಬರ ಮುಖಗಳ ನಡುವೆ ಒಂದು ಎಂಜಿನ್ ಇತ್ತು, ಅಷ್ಟೇ. ಅವಳು ಏನೂ ಹೇಳಲಿಲ್ಲ. ನಾನೂ ಏನೂ ಹೇಳಲಿಲ್ಲ.

"ಇನ್ನೊಂದು ಸುತ್ತು," ಎಂದಳು.

ತಿರುಗಿಸಿದೆ. ಗೀರು ಮುಳ್ಳಿಗೆ ಬಂದು ಕೂಡಿತು. ಬೆರಳ ಕೆಳಗೆ ಉಸಿರಿರಲಿಲ್ಲ. ಅದು ನನ್ನ ಜಾಗ, ಇಷ್ಟು ದಿನ ನಾನು ಸರಿಯೆಂದು ನಿಂತಿದ್ದ ಜಾಗ. "ಹೂಂ, ಮುಂದೆ," ಎಂದಳು. ಮತ್ತೊಂದು ಸುತ್ತಿಗೆ ಮತ್ತೆ ಪುಸ್. ಗೀರು ಮುಳ್ಳಿನ ಹತ್ತಿರ ಬಂತು. "ನಿಲ್ಲಿಸಿ," ಎಂದಳು. ಅವಳ ದನಿ ಸಣ್ಣದಾಗಿತ್ತು.

ಡಿಸ್ಟ್ರಿಬ್ಯೂಟರನ್ನು ಎತ್ತಿ, ರೋಟರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದಳು. ಪ್ಲಗ್ಗುಗಳನ್ನು ಹಾಕಿದಳು. ನಾನು ಕೀ ತಿರುಗಿಸಿದೆ. ಹೊತ್ತಿಕೊಂಡಿತು. ಅವಳು ಕಣ್ಣು ಮುಚ್ಚಿ, ಡಿಸ್ಟ್ರಿಬ್ಯೂಟರನ್ನು ಬೊಗಸೆಯಲ್ಲಿ ಹಿಡಿದು ಅತ್ತಿತ್ತ ಕದಲಿಸುತ್ತ, ಸದ್ದು ಒಂದು ಹದಕ್ಕೆ ಬಂದಾಗ ಕೈ ನಿಲ್ಲಿಸಿದಳು.

"ಕೇಳಿಸ್ತಾ?"

"ಕೇಳಿಸ್ತು," ಎಂದೆ.

ಅವಳು ತಲೆಯಾಡಿಸಿ, ಬಿಗಿ ಮಾಡಿ, ಕೈ ತೊಳೆಯಲು ಹೋದಳು. ಸೂಟ್‌ಕೇಸಿನಲ್ಲಿ ಏನೂ ಉಳಿದಿರಲಿಲ್ಲವಲ್ಲ, ಎಲ್ಲವನ್ನೂ ಮೊದಲಿಂದ ತುಂಬಬೇಕಾಯಿತು. ನೀಲಿ ಸ್ವೆಟರು ಒಣಗಲು ಹಾಕಿದ್ದಳು, ಒದ್ದೆಯದನ್ನೇ ಮಡಚಿ ಇಟ್ಟಳು. ಯಂತ್ರದ ಪೆಟ್ಟಿಗೆಗಳನ್ನು ನಾನೇ ಹಿಂದಿನ ಸೀಟಿನಲ್ಲಿ ಇಟ್ಟುಕೊಟ್ಟೆ. ಎಂಜಿನ್ ಅಷ್ಟು ಹೊತ್ತೂ ಓಡುತ್ತಲೇ ಇತ್ತು, ಅದನ್ನು ಆರಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ ಎಂದು ಕಾಣುತ್ತದೆ. "ಬರ್ತೀನಿ," ಎಂದಳು. ಹೋಗುವವರೆಲ್ಲ ಅನ್ನುವ ಮಾತು ಅದು, ಅದರಿಂದ ಏನನ್ನು ತಿಳಿಯುವುದು? ನೀರಿನ ಟ್ಯಾಂಕಿನ ಏರಿನಲ್ಲಿ ಗೋಲಿಯ ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟು ನಿಂತಿದ್ದೆ. ಬರಲಿಲ್ಲ.

ಇಷ್ಟು ದಿನ ನಾನು ಅಂದುಕೊಂಡಿದ್ದೆ, ಅವಳಿಗೆ ಆ ಮೊದಲನೇ ಸಲ ಖಚಿತವಾಗಿರಲಿಲ್ಲ, ಅದಕ್ಕೇ ಇನ್ನೊಂದು ಸುತ್ತು ತಿರುಗಿಸಲು ಹೇಳಿದಳು ಎಂದು. ಇವತ್ತು ನಿನ್ನ ಕಾಗದ ಬಂತು. ಅವಳ ಬೆರಳು ಮೊದಲನೇ ಸಲಕ್ಕೇ ಹೇಳುತ್ತದೆ ಎಂದು ಬರೆದಿದ್ದೀಯ. ಆ ಸಾಲಿನ ಮುಂದೆ ಓದಲು ನನಗೆ ಬಹಳ ಹೊತ್ತು ಹಿಡಿಯಿತು.

ಅವಳ ಹೊಸ ವಿಳಾಸ ನನ್ನ ಹತ್ತಿರ ಇಲ್ಲ, ನಿನ್ನ ಹತ್ತಿರ ಇರುತ್ತದೆ. ನೀನು ಬರೆಯುವಾಗ ಕೆಳಗಿನ ಮಾತನ್ನು ನಾನು ಬರೆದ ಹಾಗೆಯೇ ಸೇರಿಸು. ಈ ಸಲ ಯಾವ ಸಾಲನ್ನೂ ಬಿಡಬೇಡ.

ಏನೇ, ಮೊದಲನೇ ಸಲ ಗಾಳಿ ನಿನ್ನ ಬೆರಳನ್ನು ತಳ್ಳಿದಾಗ, ನೀನು ನನ್ನ ಮುಖ ನೋಡುತ್ತ ಯಾಕೆ ಸುಮ್ಮನೆ ನಿಂತೆ?